ಮಂಡಿ ನೋವಿರೋ ಅಮ್ಮನ್ನ ಕರ್ಕೊಂಡು ಉಂಚಳ್ಳಿ ಜಲಪಾತಕ್ಕೆ ಹೋಗಬಹುದಾ?

ದಾವಣಗೆರೆ_ಹುಡುಗ
ಎಲ್ರಿಗೂ ನಮಸ್ಕಾರ. ದಸರಾ ರಜೆಗೆ ಶಿರಸಿ ಕಡೆ ಎರಡು ದಿನ ಬರ್ತಿದೀವಿ, ನಾನು, ಹೆಂಡ್ತಿ, ಎಂಟು ವರ್ಷದ ಮಗಳು, ಜೊತೆಗೆ ಅಮ್ಮ. ಅಮ್ಮಂಗೆ 64, ಮಂಡಿ ನೋವಿದೆ, ಆದ್ರೆ ಮನೇಲಿ ಕೂರೋ ಜಾಯಮಾನದವರಲ್ಲ. ಹೋದ ವರ್ಷ ಜೋಗಕ್ಕೆ ಹೋಗಿದ್ವಿ, ಜನವೋ ಜನ, ಗಾಡಿ ನಿಲ್ಸೋಕೇ ಒಂದು ಗಂಟೆ ಹಿಡೀತು, ಅಷ್ಟು ದೂರ ಬಂದು ಅಮ್ಮ ಜನರ ಬೆನ್ನು ನೋಡ್ಕೊಂಡು ವಾಪಸ್ ಬಂದ್ರಲ್ಲ ಅಂತ ನನಗೆ ಇವತ್ತಿಗೂ ಬೇಜಾರು. ಈ ಸಲ ಗದ್ದಲ ಇಲ್ದಿರೋ ಕಡೆ, ಕಾಡೊಳಗೆ ಸ್ವಲ್ಪ ನಡೆದ್ರೆ ಸಿಗೋ ಜಲಪಾತ ನೋಡ್ಬೇಕು ಅಂತ ಆಸೆ. ಆಫೀಸಲ್ಲಿ ಒಬ್ರು ಉಂಚಳ್ಳಿ ಅಂದ್ರು. ನಡಿಗೆ ಎಷ್ಟಿದೆ, ಮೆಟ್ಟಿಲಿದ್ಯಾ, ಆ ಟೈಮಲ್ಲಿ ನೀರಿರುತ್ತಾ, ಜಿಗಣೆ ಕಾಟ ಹೆಂಗೆ? ಹೋಗಿ ಬಂದವ್ರು ದಯವಿಟ್ಟು ಹೇಳಿ.

ಬೆಂಗ್ಳೂರು_ಬಸ್ಸು
ಉಂಚಳ್ಳಿನೂ ಶರಾವತಿದೇ ಅಲ್ವಾ? ಲಿಂಗನಮಕ್ಕಿಯಲ್ಲಿ ಗೇಟ್ ತೆಗೆದಿದಾರಾ ಅಂತ ಕೇಳ್ಕೊಂಡು ಹೋಗಿ, ಇಲ್ಲಾಂದ್ರೆ ಬರೀ ಬಂಡೆ ನೋಡ್ಕೊಂಡು ಬರ್ಬೇಕಾಗುತ್ತೆ.

ಕಾನುಮನೆ
ಅಲ್ಲ ಮಾರಾಯ್ರೆ, ಶರಾವತಿ ಅಲ್ಲ, ಅಘನಾಶಿನಿ. ಇದು ಸಣ್ಣ ವ್ಯತ್ಯಾಸ ಅಲ್ಲ ಅದಕ್ಕೇ ಹೇಳ್ತಿದೀನಿ. ಜೋಗದ ಮೇಲೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಅಲ್ಲಿಯ ನೀರು ಅಣೆಕಟ್ಟಿನ ಲೆಕ್ಕದಲ್ಲಿ ಬರೋದು. ಅಘನಾಶಿನಿಗೆ ಅಡ್ಡ ಒಂದೂ ಅಣೆಕಟ್ಟಿಲ್ಲ. ಶಿರಸಿ ಪೇಟೆಯ ಶಂಕರಹೊಂಡ ಮೂಲ ಅಂತಾರೆ, ಅಲ್ಲಿಂದ ತದಡಿಯಲ್ಲಿ ಸಮುದ್ರ ಸೇರೋತನಕ ಸುಮಾರು 120 ಕಿಮೀ ತನ್ನ ಪಾಡಿಗೆ ತಾನು ಹರೀತದೆ. ಮಳೆ ಬಿದ್ರೆ ಏರ್ತದೆ, ಮಳೆ ಬಿಟ್ರೆ ಇಳೀತದೆ, ಯಾರನ್ನೂ ಕೇಳ್ಬೇಕಾಗಿಲ್ಲ.

ಪೋಸ್ಟ್ ಹಾಕಿದವರಿಗೆ: ನಮ್ಮನೆ ಹೆಗ್ಗರಣೆ ಹತ್ರ. ಹೆಗ್ಗರಣೆಯಿಂದ ಜಲಪಾತಕ್ಕೆ 5 ಕಿಮೀ ಆಸುಪಾಸು, ಗಾಡಿ ಹೋಗ್ತದೆ, ಕೊನೆಗೆ ಕಾನಿನೊಳಗೆ ಕಾಲುದಾರಿ ಮತ್ತೆ ಮೆಟ್ಟಿಲು. ಎದುರುಗಡೆ ನಿಂತು ನೋಡೋ ಜಾಗಗಳಿಗೆ ಕಂಬಿ ಹಾಕಿದಾರೆ. ಗಟ್ಟಿ ಕಾಲಿನವರಿಗೆ ಅರ್ಧ ಗಂಟೆನೂ ಬೇಡ. ನಿಮ್ಮ ಅಮ್ಮನ ಹಾಗಿನವರು ನಿಧಾನಕ್ಕೆ ಕೂತು ಎದ್ದು ಹೋಗ್ಬಹುದು, ಎಲ್ಲಾ ಮೆಟ್ಟಿಲೂ ಇಳೀಲೇಬೇಕು ಅಂತಿಲ್ಲ, ಮೇಲಿನ ಜಾಗದಿಂದನೇ ಚೆನ್ನಾಗಿ ಕಾಣ್ತದೆ. ಅಕ್ಟೋಬರ್ ಒಳ್ಳೆ ಟೈಮು. ಜುಲೈ ಆಗಸ್ಟಲ್ಲಿ ಬಂದವ್ರು ಎಷ್ಟೋ ಜನ ಮಂಜು ನೋಡಿ ಹೋಗ್ತಾರೆ, ಶಬ್ದ ಮಾತ್ರ ಕೇಳ್ತದೆ.

ಹುಬ್ಳಿ_ಮಂದಿ
ಶಬ್ದದ ಮಾತು ಖರೇ ಐತ್ರಿ. ನಾವು ಹೋದ ಸಲ ಆಗಸ್ಟನ್ಯಾಗ ಹೋಗಿದ್ವಿ, ಒಂದೂವರೆ ತಾಸು ನಿಂತ್ವಿ, ಮುಂದ ಬರೇ ಬಿಳೀ ಗ್ವಾಡಿ. ಆಮ್ಯಾಗ ಒಂದ್ ಗಾಳಿ ಬೀಸಿ ಮಂಜು ಸರದು ಎರಡ ನಿಮಿಷ ಕಾಣ್ತು ನೋಡ್ರಿ, ನಮ್ಮ ಮಂದಿ ಅಷ್ಟೂ ಒಮ್ಮೆಲೇ ಚೀರಿದ್ರು. ಆ ಎರಡ ನಿಮಿಷಕ್ಕ ಮತ್ತ ಹೋಗಂದ್ರೂ ಹೊಕ್ಕೀನಿ.

ಶಾಲೆ_ಮೇಷ್ಟ್ರು
ಅದಕ್ಕೆ ಊರಿನವರು ಇಟ್ಟ ಹೆಸರೇ ಕೆಪ್ಪ ಜೋಗ. ಹತ್ರ ನಿಂತವರಿಗೆ ಪಕ್ಕದವರು ಕೂಗಿದ್ದೂ ಕೇಳೋದಿಲ್ಲ, ಕಿವಿ ಕೆಪ್ಪಾಗುತ್ತೆ ಅಂತ. 116 ಮೀಟರ್ ಅಂದ್ರೆ 380 ಅಡಿ ಚಿಲ್ಲರೆ. ಜೋಗದ 253ರ ಅರ್ಧಕ್ಕಿಂತ ಕಮ್ಮಿ, ಆದ್ರೆ ಇಡೀ ಹೊಳೆ ಒಟ್ಟಿಗೇ ಇಕ್ಕಟ್ಟಾದ ಕೊಳ್ಳಕ್ಕೆ ಬೀಳೋದರಿಂದ ಸದ್ದು ಹೊರಗೆ ಹೋಗೋಕೆ ಜಾಗವಿಲ್ಲ. ಪುಸ್ತಕಗಳಲ್ಲಿ ಲಷಿಂಗ್ಟನ್ ಫಾಲ್ಸ್ ಅಂತಾನೂ ಇದೆ, 1845ರಲ್ಲಿ ಜೆ.ಡಿ. ಲಷಿಂಗ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ ಇದನ್ನ ಕಂಡುಹಿಡಿದರು ಅಂತ ಬರೀತಾರೆ.

ತೋಟದ_ಹಾದಿ
ಕಂಡುಹಿಡಿದರು ಅನ್ನೋ ಪದ ಬೇಡ ಮೇಷ್ಟ್ರೇ. ಆ ಸದ್ದು ಕೇಳ್ಕೊಂಡೇ ತಲೆತಲಾಂತರದಿಂದ ಗದ್ದೆ ತೋಟ ಮಾಡಿದವ್ರು ಅಲ್ಲಿದ್ರು. ಸಾಹೇಬರು ಬಂದು ನೋಡಿದ್ರು, ಬರೆದಿಟ್ರು, ಅಷ್ಟೇ.

ಶಾಲೆ_ಮೇಷ್ಟ್ರು
ಒಪ್ಪಿದೆ, ನಾನೇ ಮಕ್ಕಳಿಗೆ ತಿದ್ದಿ ಹೇಳೋದು ಅದನ್ನೇ, ಇಲ್ಲಿ ಬರೆಯೋವಾಗ ಹಳೇ ವಾಕ್ಯ ಬಂದುಬಿಡ್ತು. ಇನ್ನೊಂದು ವಿಷಯ, ಆಗ ಉತ್ತರ ಕನ್ನಡ ಬೊಂಬಾಯಿಗೆ ಸೇರಿರಲಿಲ್ಲ, ಮದ್ರಾಸಿನ ಕೈಕೆಳಗಿತ್ತು. 1862ರಲ್ಲಿ ಬೊಂಬಾಯಿಗೆ ಹೋಗಿದ್ದು.

ರೀಲ್ಸ್_ರಾಜ
ಗುರು ಮೇಲಿಂದ ನೋಡೋದ್ರಲ್ಲಿ ಏನಿದೆ, ಕೆಳಗೆ ಗುಂಡಿ ತನಕ ಇಳಿಯೋ ದಾರಿ ಇದ್ಯಂತಲ್ಲ ಅದನ್ನ ಯಾರಾದ್ರೂ ಲೊಕೇಶನ್ ಸಮೇತ ಹಾಕಿ. ಕೆಳಗಿಂದ ಮೇಲಕ್ಕೆ ತೆಗೆದ ವಿಡಿಯೋ ಯಾರ ಹತ್ರನೂ ಇಲ್ಲ.

ಕಾನುಮನೆ
ಯಾರ ಹತ್ರನೂ ಇಲ್ಲ ಯಾಕೆ ಅಂತ ಯೋಚನೆ ಮಾಡಿ ತಮ್ಮಾ. ಅದು ಪ್ರವಾಸಿಗರಿಗೆ ಇರೋ ದಾರಿ ಅಲ್ಲ. ಕಡಿದಾದ ದರೆ, ಕೆಳಗೆ ಪೂರ್ತಿ ಪಾಚಿ ಕಟ್ಟಿದ ಕಲ್ಲು. ಕಾಲು ಮುರ್ಕೊಂಡ್ರೆ ಹೊತ್ಕೊಂಡು ಮೇಲೆ ತರೋಕೆ ನಮ್ಮೂರ ಹುಡುಗ್ರೇ ಬರ್ಬೇಕು. ಫೋನು ಸಿಗ್ನಲ್ ಸಿಕ್ತದೆ ಅಂತನೂ ನಂಬ್ಕೋಬೇಡಿ.

ರೀಲ್ಸ್_ರಾಜ
ಎಲ್ಲಾ ಕಡೆ ಹಿಂಗೇ ಹೆದರಿಸ್ತೀರ. ನಾನು ಎಂಟು ವರ್ಷದಿಂದ ಟ್ರೆಕ್ ಮಾಡ್ತಿದೀನಿ, ಶೂ ಗ್ರಿಪ್ ಚೆನ್ನಾಗಿದ್ರೆ ಏನೂ ಆಗಲ್ಲ.

ಮಳೆ_ನೆಂದವಳು
ಗ್ರಿಪ್ ಬಗ್ಗೆ ನಾನೂ ಹಂಗೇ ಅಂದ್ಕೊಂಡಿದ್ದೆ. ಬೇರೆ ತಾಲೂಕಿನ ಒಂದು ಜಲಪಾತ, ಹೆಸರು ಬೇಡ. ಆರು ಜನ ಹೋಗಿದ್ವಿ, ಬಿಸಿಲಿತ್ತು, ಮೊಣಕಾಲಷ್ಟು ನೀರು ದಾಟಿ ಆಚೆ ಬಂಡೆ ಮೇಲೆ ಊಟಕ್ಕೆ ಕೂತ್ವಿ. ಊಟ ಮುಗಿಯೋ ಹೊತ್ತಿಗೆ ನೀರಲ್ಲಿ ಒಣಗಿದ ಎಲೆ, ಕಡ್ಡಿ ಜಾಸ್ತಿ ಬರೋಕೆ ಶುರುವಾಯ್ತು, ಬಣ್ಣ ಟೀ ಥರ ಆಯ್ತು. ನಮಗೆ ಅರ್ಥ ಆಗ್ಲಿಲ್ಲ. ಜೊತೆಗೆ ಬಂದಿದ್ದ ಊರಿನ ಅಣ್ಣ ಒಬ್ರು ಚೀಲ ಅಲ್ಲೇ ಬಿಡಿ ಎದ್ದೇಳಿ ಅಂತ ಕೂಗಿದ್ರು. ದಾಟುವಾಗ ಸೊಂಟದ ತನಕ ಬಂದಿತ್ತು, ಒಬ್ಬರ ಕೈ ಒಬ್ರು ಹಿಡ್ಕೊಂಡು ದಾಟಿದ್ವಿ, ಹಿಂದೆ ತಿರುಗಿ ನೋಡಿದ್ರೆ ನಾವು ಕೂತ ಬಂಡೆನೇ ಇರ್ಲಿಲ್ಲ. ನಮ್ಮ ತಲೆ ಮೇಲೆ ಒಂದು ಹನಿ ಮಳೆ ಇರ್ಲಿಲ್ಲ, ಮಳೆ ಬಿದ್ದಿದ್ದು ಮೇಲೆ ಎಲ್ಲೋ. ಅವತ್ತಿಂದ ಮಳೆಗಾಲದಲ್ಲಿ ನಾನು ನೀರಿಗೆ ಇಳಿಯೋದಿಲ್ಲ. ಆ ಅಣ್ಣ ಇಲ್ದೇ ಇದ್ದಿದ್ರೆ ಇಲ್ಲಿ ಬರೀತಾ ಇರ್ತಿರ್ಲಿಲ್ಲ.

ಘಟ್ಟದ_ಕೆಳಗೆ
ಎಲೆ ಕಡ್ಡಿ ಬರೋದು, ನೀರು ಕೆಂಪಾಗೋದು, ಸದ್ದು ಬದಲಾಗೋದು, ಈ ಮೂರೇ ಗುರುತು. ಕಂಡ ಕೂಡ್ಲೆ ಎದ್ದು ಬಿಡ್ಬೇಕು, ಫೋಟೋ ಎಲ್ಲ ಆಮೇಲೆ.

ರೀಲ್ಸ್_ರಾಜ
ಸರಿ ಅಕ್ಕಾ, ಇದು ಗೊತ್ತಿರ್ಲಿಲ್ಲ. ಅಣೆಕಟ್ಟಿಲ್ಲದ ಹೊಳೆ ಅಂದ್ರೆ ಇನ್ನೂ ಬೇಗ ಏರುತ್ತೆ ಅಂತಾಯ್ತು. ಕೆಳಗಿಳಿಯೋದು ಬಿಟ್ಟೆ. ಆದ್ರೆ ಸಣ್ಣ ಸಣ್ಣ ಅಬ್ಬಿಗಳು ಇರ್ತಾವಲ್ಲ ಶಿರಸಿ ಸಿದ್ದಾಪುರ ಕಡೆ, ಮ್ಯಾಪಲ್ಲಿ ಇಲ್ದಿರೋವು, ಅವನ್ನಾದ್ರೂ ಹೇಳಿ.

ತೋಟದ_ಹಾದಿ
ಹೇಳೋದಿಲ್ಲ. ಕಾರಣ ಕೇಳಿದ್ರೆ ಕೋಪ ಮಾಡ್ಕೊಳ್ದೇ ಓದಿ.

ನೀವು ಅಬ್ಬಿ ಅಂದ್ರೆ ಜಲಪಾತ ಅಂತ ಅಷ್ಟೇ ತಿಳ್ಕೊಂಡಿದೀರ. ನಮ್ಮಲ್ಲಿ ಅಬ್ಬಿ ನೀರು ಅಂದ್ರೆ ಮನೆಗೆ ಬರೋ ಕುಡಿಯೋ ನೀರು. ಮೇಲೆ ಬೆಟ್ಟದಲ್ಲಿ ಹಳ್ಳಕ್ಕೆ ಪೈಪು ಹಾಕಿ, ಪಂಪಿಲ್ದೇ ಕರೆಂಟಿಲ್ದೇ ಇಳಿಜಾರಲ್ಲಿ ಹರಿಸ್ಕೊಂಡು ಬರ್ತೀವಿ. ನಮ್ಮಜ್ಜನ ಕಾಲದಲ್ಲಿ ಅಡಿಕೆ ಮರದ ದಂಬೆ ಇತ್ತು, ಈಗ ಪ್ಲಾಸ್ಟಿಕ್ ಪೈಪು, ನೀರು ಅದೇ. ನಮ್ಮ ತೋಟದ ಹಿಂದೆ ಸೊಪ್ಪಿನಬೆಟ್ಟದಲ್ಲಿ ಹಂಗೊಂದು ಅಬ್ಬಿ ಇದೆ, ಇಪ್ಪತ್ತಡಿನೂ ಇಲ್ಲ. ನಾಲ್ಕು ವರ್ಷದ ಹಿಂದೆ ಯಾರೋ ಒಬ್ರು ವಿಡಿಯೋ ಹಾಕಿ ಲೊಕೇಶನ್ ಕೊಟ್ರು. ಮುಂದಿನ ಶನಿವಾರ ಹನ್ನೊಂದು ಬೈಕು. ಅದರ ಮುಂದಿನ ವಾರ ಶಾಂಪೂ ಹಚ್ಕೊಂಡು ಸ್ನಾನ. ನಮ್ಮನೆ ಅಡುಗೆಮನೆ ನಲ್ಲಿಯಲ್ಲಿ ನೊರೆ ಬಂತು. ಬಾಟಲಿ ಒಡೆದು ಹಳ್ಳಕ್ಕೆ ಹಾಕಿ ಹೋದ್ರು, ಕೊನೆಕೊಯ್ಲಿಗೆ, ಅಂದ್ರೆ ಅಡಿಕೆ ಗೊನೆ ಇಳಿಸೋಕೆ, ಬಂದಿದ್ದ ಆಳು ಬರಿಗಾಲಲ್ಲಿ ಹಳ್ಳ ದಾಟ್ತಾ ಪಾದ ಸೀಳ್ಕೊಂಡ, ಒಂಬತ್ತು ಹೊಲಿಗೆ. ಅವನ ಹದಿನೈದು ದಿನದ ಕೂಲಿ ಹೋಯ್ತು, ಅದೂ ಕೊನೆಕೊಯ್ಲಿನ ಟೈಮಲ್ಲಿ.

ಸೊಪ್ಪಿನಬೆಟ್ಟ ಅಂದ್ರೆ ಯಾರದ್ದೂ ಅಲ್ಲದ ಕಾಡು ಅಂತ ಹೊರಗಿನವರು ತಿಳೀತಾರೆ. ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತೆಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಸವಲತ್ತು ಅದು, ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರೋಕೆ. ಅದನ್ನ ಕಾಯೋ ಜವಾಬ್ದಾರಿನೂ ನಮ್ದೇ. ಬನ್ನಿ ಬೇಡ ಅನ್ನೋದಿಲ್ಲ, ಆದ್ರೆ ಮನೆ ಬಾಗಿಲಿಗೆ ಬಂದು ಕೇಳಿ. ಮಜ್ಜಿಗೆ ಕೊಟ್ಟು ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಹಂಗೆ ಕೇಳ್ಕೊಂಡು ಬಂದವ್ರು ಇದುವರೆಗೆ ಇಬ್ರೇ.

ಕಾನುಮನೆ
ಯಂಗ್ಳ ಮನೆ ಹಿಂದಿಂದೂ ಹಂಗೇ ಆಯ್ದು ಮಾರಾಯಾ. ಈಗ ತೊಟ್ಟಿಗೆ ಮುಚ್ಚಲು ಹಾಕಿ ಬೀಗ ಜಡದ್ದಿ.

ರೀಲ್ಸ್_ರಾಜ
ನಲ್ಲಿಯಲ್ಲಿ ನೊರೆ ಬಂತು ಅಂದ್ರಲ್ಲ, ಅದು ತಲೇಲಿ ಕೂತ್ಬಿಡ್ತು. ನಾನು ಹಾಕಿದ ಎರಡು ವಿಡಿಯೋದಲ್ಲಿ ಲೊಕೇಶನ್ ಇದೆ, ಇವತ್ತೇ ತೆಗೀತೀನಿ.

ಕೊಡಗಿನ_ಕಾಫಿ
ವಿಷಯಾಂತರ, ಆದ್ರೂ ಹೇಳ್ಬಿಡ್ತೀನಿ. ನಮ್ಮ ಮಡಿಕೇರಿಯಲ್ಲಿ ಎಲ್ರೂ ಅಬ್ಬಿ ಫಾಲ್ಸ್ ಅಂತಾರೆ, ಅಬ್ಬಿ ಅಂದ್ರೇನೇ ಜಲಪಾತ, ಜಲಪಾತ ಜಲಪಾತ ಅಂದ ಹಾಗೆ.

ಘಟ್ಟದ_ಕೆಳಗೆ
ಬೆಳ್ತಂಗಡಿ ಕಡೆ ಅರ್ಬಿ ಅಂತಾರೆ, ಬಂಡಾಜೆ ಅರ್ಬಿ. ಆಗುಂಬೆ ಕಡೆ ಒನಕೆ ಅಬ್ಬಿ, ಜೋಗಿಗುಂಡಿ. ಹೆಬ್ರಿ ಹತ್ರ ಕೂಡ್ಲು ತೀರ್ಥ. ನಮ್ಮ ಜಿಲ್ಲೇಲಿ ಜೋಗ ಅನ್ನೋದೇ ಜಲಪಾತದ ಹೆಸರು, ಬುರುಡೆ ಜೋಗ ಅಂತ ಇಲ್ವಾ. ಇಷ್ಟು ಮಾತಿದ್ರೂ ಬೋರ್ಡಿನಲ್ಲಿ ಎಲ್ಲಾ ಕಡೆ ಬರೀ ಫಾಲ್ಸ್ ಅಂತ ಬರೀತಾರೆ, ನೋಡಿದ್ರೆ ಹೊಟ್ಟೆ ಉರೀತದೆ.

ದಾವಣಗೆರೆ_ಹುಡುಗ
ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿಷಯ ಇದೆ ಅಂತ ಗೊತ್ತಿರ್ಲಿಲ್ಲ. ಜಿಗಣೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಮಗಳು ಹುಳ ಅಂದ್ರೆ ಹೆದರ್ತಾಳೆ. ಜಿಗಣೆಯಿಂದ ಮಂಗನ ಕಾಯಿಲೆ ಬರುತ್ತೆ ಅಂತ ಬೇರೆ ಒಬ್ರು ಹೆದರಿಸಿದಾರೆ.

ನರ್ಸ್_ಅಕ್ಕ
ಇಲ್ಲಪ್ಪಾ, ಎರಡೂ ಬೇರೆ ಬೇರೆ. ಜಿಗಣೆ, ನಮ್ಮ ಕಡೆ ಉಂಬಳ ಅಂತೀವಿ, ಅದರಿಂದ ಮಂಗನ ಕಾಯಿಲೆ ಬರೋದಿಲ್ಲ. ಕಚ್ಚಿದಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಒಳಗೆ ಬಿಡ್ತದೆ, ಅದಕ್ಕೇ ಉಂಬಳ ಬಿದ್ದು ಹೋದ ಮೇಲೂ ರಕ್ತ ಒಸರ್ತಾ ಇರ್ತದೆ, ನೋಡಿ ಹೆದರ್ಬೇಡಿ. ಜಗ್ಗಿ ಎಳೀಬೇಡಿ, ಉಗುರಿಂದ ಮೆಲ್ಲಗೆ ಬದಿಗೆ ಸರಿಸಿ ಬಿಡಿಸಿ, ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡೀರಿ. ಅಮ್ಮ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಮಾತ್ರ ಹೊರಡೋ ಮುಂಚೆ ಡಾಕ್ಟರನ್ನ ಕೇಳಿ.

ಮಂಗನ ಕಾಯಿಲೆ ಬರೋದು ಉಣ್ಣಿಯಿಂದ, ಉಣುಗು ಅಂತೀವಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು. ಸಿದ್ದಾಪುರ ತಾಲೂಕಲ್ಲಿ ಇತ್ತೀಚಿನ ವರ್ಷಗಳಲ್ಲೂ ಸಾವು ಆಗಿದೆ, ಹಗುರವಾಗಿ ತಗೊಳ್ಳೋ ಹಂಗಿಲ್ಲ. ಆದ್ರೆ ಅದರ ಕಾಲ ಹೆಚ್ಚಾಗಿ ಡಿಸೆಂಬರಿಂದ ಮೇ, ಮಳೆ ಮುಗಿದು ಕಾಡು ಒಣಗಿದ ಮೇಲೆ. ಉಂಬಳ ಕಮ್ಮಿ ಆಗ್ತಿದ್ದ ಹಾಗೆ ಉಣುಗು ಶುರು ಅಂತ ಇಟ್ಕೊಳ್ಳಿ. ಆ ಟೈಮಲ್ಲಿ ಬರೋರು ಪೂರ್ತಿ ಬಟ್ಟೆ ಹಾಕಿ, ದರಕಿನ ಮೇಲೆ ಕೂರಬೇಡಿ, ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡ್ತಾರೆ ಅದನ್ನ ಹಚ್ಕೊಳ್ಳಿ, ಹೋದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೀರಿ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೇ ಆಸ್ಪತ್ರೆಗೋ ಪಂಚಾಯ್ತಿಗೋ ತಿಳಿಸಿ. ಈ ಕಾಯಿಲೆ ಬಂದ ಮನೆಗಳಿಗೆ ನಾನು ಹೋಗಿದೀನಿ, ಅದಕ್ಕೇ ಇಷ್ಟುದ್ದ ಬರೆದಿದ್ದು.

ಕಾನುಮನೆ
ಉಂಬಳಕ್ಕೆ ನಮ್ಮನೆ ಮದ್ದು: ಹೊಗೆಸೊಪ್ಪಿನ ಪುಡಿ, ಸ್ವಲ್ಪ ಸುಣ್ಣ, ಕೊಬ್ಬರಿ ಎಣ್ಣೆ ಕಲಸಿ ಪಾದದಿಂದ ಮೊಣಕಾಲ ತನಕ. ಮಗುವಿಗೆ ಅದು ಬೇಡ, ಉರೀತದೆ. ಅವಳಿಗೆ ಉದ್ದ ಸಾಕ್ಸ್ ಹಾಕಿ ಪ್ಯಾಂಟನ್ನ ಅದರೊಳಗೆ ಸಿಕ್ಕಿಸಿ, ದಾರಿ ನಡುವೆ ನಡೀಲಿ, ಹುಲ್ಲು ಮುಟ್ಟೋದು ಬೇಡ.

ಮಂಗಟ್ಟೆ
ಇಷ್ಟು ಜನ ಬರೆದ್ರಲ್ಲ, ಯಾರಾದ್ರೂ ಕಾಡಿನ ಬಗ್ಗೆ ಹೇಳ್ತಾರೇನೋ ಅಂತ ಕಾಯ್ತಿದ್ದೆ. ಜಲಪಾತಕ್ಕೆ ಓಡಿ ಹೋಗಿ ಓಡಿ ಬರ್ತಾರೆ, ಆ ದಾರಿನೇ ಅರ್ಧ ಸೊಗಸು. ಈ ಕಣಿವೆಯಲ್ಲಿ ಸಿಂಗಳೀಕ ಇದೆ, ಸಿಂಹದ ಥರ ಬಾಲ ಇರೋ ಕಪ್ಪು ಕೋತಿ, ಅದಕ್ಕಂತಲೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಅಂತ ಮಾಡಿದ್ದು. ಪಶ್ಚಿಮಘಟ್ಟ ಬಿಟ್ಟು ಭೂಮಿ ಮೇಲೆ ಬೇರೆಲ್ಲೂ ಕಾಡಲ್ಲಿ ಸಿಗದ ಪ್ರಾಣಿ ಅದು. ಮರದಿಂದ ಮರಕ್ಕೇ ಹೋಗೋದು, ನೆಲಕ್ಕೆ ಬರೋದು ಬಲು ಕಮ್ಮಿ, ಅದಕ್ಕೇ ಮೇಲೆ ಕೊಂಬೆ ಕೊಂಬೆ ಕೂಡಿರೋ ಕಾನು ಬೇಕು. ನಡುವೆ ರಸ್ತೆಗೆ ಅಂತ ಅಗಲಕ್ಕೆ ಕಡಿದ್ರೆ ಅದಕ್ಕೆ ಸೇತುವೆ ಮುರಿದ ಹಾಗೆ.

ಬೆಳಿಗ್ಗೆ ಎಂಟರೊಳಗೆ ಹೋಗಿ, ಮಾತು ಕಮ್ಮಿ ಮಾಡಿ. ಮಂಗಟ್ಟೆ, ಅಂದ್ರೆ ಆ ದೊಡ್ಡ ಕೊಕ್ಕಿನ ಹಕ್ಕಿ, ಹಾರಿದ್ರೆ ರೆಕ್ಕೆ ಸದ್ದೇ ದೂರಕ್ಕೆ ಕೇಳುತ್ತೆ, ಬಟ್ಟೆ ಒಗೆದು ಝಾಡಿಸಿದ ಹಾಗೆ. ಇನ್ನೊಂದಿನ ಟೈಮಿದ್ರೆ ಹೊನ್ನಾವರ ರಸ್ತೆಯಲ್ಲಿ ಮಲೆಮನೆ ಹತ್ರ ಕತ್ತಲೆಕಾನು ನೋಡಿ, ಅಲ್ಲಿರೋದು ರಾಮಪತ್ರೆ ಜಡ್ಡಿ, ಅಂದ್ರೆ ರಾಮಪತ್ರೆ ಮರಗಳ ಜೌಗು ಕಾಡು. ನಿಂತ ನೀರಲ್ಲಿ ಮರದ ಬೇರು ಮಂಡಿ ಮಡಚಿದ ಹಾಗೆ ನೆಲದಿಂದ ಮೇಲೆದ್ದು ನಿಂತಿರುತ್ತೆ, ಉಸಿರಾಡೋಕೆ. ರಾಮಪತ್ರೆ ಹಣ್ಣು ತಿಂದು ಬೀಜ ಬೇರೆ ಕಡೆ ಹಾಕೋದು ಇದೇ ಮಂಗಟ್ಟೆ. ಆದ್ರೆ ಜಡ್ಡಿಯೊಳಗೆ ಕಾಲಿಡಬೇಡಿ, ರಸ್ತೆಯಿಂದ ನೋಡಿದ್ರೆ ಸಾಕು.

ಬೆಂಗ್ಳೂರು_ಬಸ್ಸು
ಊಟಕ್ಕೇನು ಮಾಡೋದು ಅಲ್ಲಿ? ಹೋಟೆಲ್ ಇದ್ಯಾ?

ತೋಟದ_ಹಾದಿ
ಶಿರಸಿಯಲ್ಲೇ ಕಟ್ಟಿಸ್ಕೊಂಡು ಬನ್ನಿ, ಕಟ್ಟಿಸ್ಕೊಂಡು ಬಂದಿದ್ದನ್ನ ಕವರ್ ಸಮೇತ ವಾಪಸ್ ತಗೊಂಡು ಹೋಗಿ. ವಾಪಸ್ ಹೋಗುವಾಗ ಶಿರಸಿ ಪೇಟೇಲಿ ತೊಡೆದೇವು ಅನ್ನೋ ಸಿಹಿತಿಂಡಿ ತಗೊಳ್ಳಿ.

ಹುಬ್ಳಿ_ಮಂದಿ
ಅಪ್ಪೆಮಿಡಿ ಉಪ್ಪಿನಕಾಯಿ ಮರೀಬ್ಯಾಡ್ರಿ!!

ಘಟ್ಟದ_ಕೆಳಗೆ
ಅಪ್ಪೆಮಿಡಿನೂ ಈ ಹೊಳೆ ದಂಡೆಯ ಮರದ್ದೇ. ಇಲ್ಲಿ ಒಂದು ಮಾತು ಹೇಳ್ಬೇಕು. ನೀವೆಲ್ಲ ಮೇಲೆ ನಿಂತು ನೋಡೋ ನೀರು ಕೆಳಗೆ ನಮ್ಮೂರಿಗೆ ಬರ್ತದೆ. ಕುಮಟಾ ಹತ್ರ ಅಳಿವೆಯಲ್ಲಿ ಉಪ್ಪು ನೀರು ಸಿಹಿ ನೀರು ಕೂಡೋ ಕಡೆ ಹೆಂಗಸರು ಬಳಚು, ಅಂದ್ರೆ ತಿನ್ನೋ ಚಿಪ್ಪುಮೀನು, ಹೆಕ್ತಾರೆ, ಗಜನಿ ಅನ್ನೋ ಉಪ್ಪುನೀರಿನ ಗದ್ದೆಯಲ್ಲಿ ಉಪ್ಪು ತಡ್ಕೊಳ್ಳೋ ಕಗ್ಗ ಭತ್ತ ಬೆಳೀತಾರೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ, ಸಿಕ್ತು. ಮೇಲಿಂದ ಸಿಹಿ ನೀರು ಕಮ್ಮಿ ಆದ್ರೆ ಬಳಚೂ ಇಲ್ಲ ಕಗ್ಗನೂ ಇಲ್ಲ. ಈಗ ಅಘನಾಶಿನಿ ನೀರನ್ನ ಬಯಲುಸೀಮೆಯ ವೇದಾವತಿ ಹೊಳೆಗೆ ತಿರುಗಿಸೋ ಮಾತು ನಡೀತಾ ಇದೆ. ಸಮುದ್ರ ಸೇರೋ ನೀರು ವ್ಯರ್ಥ ಅಂತಾರೆ ಕೆಲವರು. ನಮ್ಮಮ್ಮ ನಲವತ್ತು ವರ್ಷ ಬಳಚು ಹೆಕ್ಕಿ ನಮ್ಮ ಮೂವರನ್ನ ಓದಿಸಿದ್ದು ಆ ವ್ಯರ್ಥ ನೀರಲ್ಲೇ.

ಬೆಂಗ್ಳೂರು_ಬಸ್ಸು
ಬಯಲುಸೀಮೆಯವರಿಗೂ ಕುಡಿಯೋಕೆ ನೀರು ಬೇಕಲ್ವಾ ಸರ್? ನಮ್ಮಜ್ಜಿ ಊರು ಚಿತ್ರದುರ್ಗದ ಕಡೆ, ಸಾವಿರ ಅಡಿ ಕೊರೆದ್ರೂ ಬೋರಲ್ಲಿ ನೀರಿಲ್ಲ. ನಿಮ್ಮ ಮಾತು ತಪ್ಪು ಅಂತಿಲ್ಲ, ಆದ್ರೆ ಅವರ ಕಷ್ಟಾನೂ ಸುಳ್ಳಲ್ಲ.

ಘಟ್ಟದ_ಕೆಳಗೆ
ಕಷ್ಟ ಸುಳ್ಳು ಅಂತ ನಾನೂ ಅನ್ನೋದಿಲ್ಲ. ಕೆರೆ ಹೂಳು ತೆಗೆದು ಅಲ್ಲಿಯ ಮಳೆ ಅಲ್ಲೇ ಹಿಡೀಲಿ ಮೊದಲು. ಬೇಸಿಗೆಯಲ್ಲಿ ಒಮ್ಮೆ ಬಂದು ಈ ಹೊಳೆ ನೋಡಿ ಸರ್, ಎಷ್ಟು ಸಣ್ಣಕ್ಕೆ ಹರೀತದೆ ಅಂತ. ಆಗ ಮಾತಾಡುವ.

ಶಾಲೆ_ಮೇಷ್ಟ್ರು
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಪಾಪ ಅವರು ಅಮ್ಮನ ಮಂಡಿ ಬಗ್ಗೆ ಕೇಳಿದ್ದು.

ದಾವಣಗೆರೆ_ಹುಡುಗ
ಹೋಗಿ ಬಂದ್ವಿ!! ಉದ್ದ ಆಗುತ್ತೆ, ಕ್ಷಮಿಸಿ.

ಬೆಳಿಗ್ಗೆ ಏಳೂವರೆಗೆ ತಲುಪಿದ್ವಿ, ನಮ್ಮ ಬಿಟ್ರೆ ಇನ್ನೊಂದೇ ಕಾರು. ಕಾಡೊಳಗೆ ಹೋದ ತಕ್ಷಣ ತಣ್ಣಗೆ, ಮರದ ಮೇಲಿಂದ ಹನಿ ಬೀಳ್ತಿತ್ತು, ಮಳೆ ಅಂತ ಕೊಡೆ ಬಿಡಿಸಿದ್ವಿ, ಆಮೇಲೆ ನೋಡಿದ್ರೆ ಅದು ರಾತ್ರಿ ಮಳೆಯದು, ಎಲೆಯಿಂದ ಇನ್ನೂ ಇಳೀತಾ ಇತ್ತು. ಸದ್ದು ಮೊದಲು ಕೇಳಿದ್ದು ಮಗಳಿಗೆ, ಅಪ್ಪಾ ಲಾರಿ ಬರ್ತಿದೆ ಅಂದ್ಲು. ಅಮ್ಮ ನಿಂತು ಕಿವಿಗೊಟ್ಟು, ಲಾರಿ ಅಲ್ಲ ಕಣೇ, ನೀರು ಅಂದ್ರು. ಅಲ್ಲಿಂದ ಮುಂದೆ ಅವರೇ ಮುಂದೆ.

ಮೇಲಿನ ಜಾಗದಲ್ಲೇ ನಿಂತ್ವಿ, ಕೆಳಗಿನ ಮೆಟ್ಟಿಲು ಇಳಿಸ್ಲಿಲ್ಲ. ಕಾನುಮನೆಯವರು ಹೇಳಿದ್ದು ನಿಜ, ಅಷ್ಟೇ ಸಾಕು. ಮಂಜು ಬರ್ತಿತ್ತು ಹೋಗ್ತಿತ್ತು. ಅಮ್ಮ ಕಂಬಿ ಹಿಡ್ಕೊಂಡು ಮುಕ್ಕಾಲು ಗಂಟೆ ಒಂದೂ ಮಾತಾಡದೇ ನಿಂತಿದ್ರು, ಮುಖದ ಮೇಲೆಲ್ಲ ತುಂತುರು, ಒರೆಸ್ಕೊಳ್ಳಲೂ ಇಲ್ಲ. ಯಾರ ಬೆನ್ನೂ ಅಡ್ಡ ಇರ್ಲಿಲ್ಲ. ಏನೋ ಅಂದ್ರು ನನಗೆ ಕೇಳಿಸ್ಲಿಲ್ಲ, ಆ ಸದ್ದಲ್ಲಿ. ಗಾಡಿ ಹತ್ರ ಬಂದ ಮೇಲೆ ಕೇಳಿದ್ರೆ, ನಿಮ್ಮಪ್ಪ ಇರ್ಬೇಕಿತ್ತು ಅಂದೆ ಅಂದ್ರು.

ಮಗಳಿಗೆ ಒಂದು ಉಂಬಳ ಹತ್ತಿತ್ತು, ಅಳಲಿಲ್ಲ, ನರ್ಸ್ ಅಕ್ಕ ಹೇಳಿದ ಹಾಗೆ ಉಗುರಲ್ಲಿ ಸರಿಸಿದ್ವಿ. ಈಗ ಶಾಲೇಲಿ ಎಲ್ರಿಗೂ ಆ ಗುರುತು ತೋರಿಸ್ತಿದಾಳೆ. ಸಿಂಗಳೀಕ ಕಾಣಲಿಲ್ಲ, ಮಂಗಟ್ಟೆ ಎರಡು ಹಾರಿದ್ವು, ಬಟ್ಟೆ ಝಾಡಿಸಿದ ಸದ್ದು ಅಂದಿದ್ರಲ್ಲ ಅದರಿಂದಲೇ ತಲೆ ಎತ್ತಿ ನೋಡಿದ್ದು.

ಮಂಡಿ ನೋವಿನವರಿಗೆ ಒಂದು ಮಾತು, ಹತ್ತೋದಕ್ಕಿಂತ ಇಳಿಯೋದೇ ಕಷ್ಟ ಆಯ್ತು ಅಮ್ಮಂಗೆ, ಮೆಟ್ಟಿಲು ಒದ್ದೆ ಇತ್ತು. ಒಂದು ಕೋಲು ಇರ್ಲೇಬೇಕು, ಚಪ್ಪಲಿ ಬೇಡ.

ಮಳೆ_ನೆಂದವಳು
ಓದಿ ಕಣ್ಣು ತುಂಬ್ತು. ಕೋಲು ಮನೆಯಿಂದ ತಗೊಂಡು ಹೋಗಿದ್ರಾ?

ದಾವಣಗೆರೆ_ಹುಡುಗ
ಇಲ್ಲ ಅಕ್ಕಾ, ದಾರಿ ಕೇಳೋಕೆ ಹೆಗ್ಗರಣೆಯಲ್ಲಿ ಒಂದು ಅಂಗಡಿ ಹತ್ರ ನಿಲ್ಸಿದ್ವಿ, ಅಮ್ಮ ಇಳಿಯೋದು ನೋಡಿ ಅಂಗಡಿಯವರೇ ಒಳಗಿಂದ ತಂದು ಕೊಟ್ರು. ಬರುವಾಗ ವಾಪಸ್ ಕೊಟ್ಟು, ಅಲ್ಲೇ ಚಾ ಕುಡಿದು ಬಂದ್ವಿ.